ಗಾಳಿ ಸೋಕಿದ ಗಾಡಿ

ಮಾರ್ಗಶಿರ ಕಳೆದು ಪುಷ್ಯ ಮಾಸ ಕಾಲಿಟ್ಟಿತೆಂದರೆ ಚಿಕ್ಕಮಗಳೂರಿನ ನಮ್ಮ ಬೀದಿಯಲ್ಲಿ ಬೆಳಗಿನ ಆರು ಗಂಟೆಗೆ ಎರಡು ಕೆಮ್ಮುಗಳು ಕೇಳಿಬರುತ್ತಿದ್ದವು: ಒಂದು ಎದುರುಮನೆಯ ವೃದ್ಧರದು, ಇನ್ನೊಂದು ನನ್ನ ಕಾರಿನದು. ಮೊದಲನೆಯದಕ್ಕೆ ಶುಂಠಿಯ ಕಷಾಯವಾದರೂ ಇತ್ತು. ಸೆಲ್ಫ್ ಹೊಡೆದೊಡನೆ ಎಂಜಿನ್ನು ಏಳುತ್ತಿತ್ತು, ನಿಜ. ಆದರೆ ಎದ್ದಮೇಲೆ ತಾಳ ತಪ್ಪಿ, ನಾಲ್ಕು ಪೆಟ್ಟಿನಲ್ಲಿ ಒಂದನ್ನು ನುಂಗಿ, ಸ್ಟಿಯರಿಂಗ್ ಚಕ್ರದಿಂದ ಹಿಂದಿನ ಆಸನದವರೆಗೆ ಸಮಸ್ತವನ್ನೂ ನಡುಗಿಸಿ, ಐದಾರು ನಿಮಿಷದಲ್ಲಿ ಮೈ ಬಿಸಿಯಾದ ಕೂಡಲೇ, ಏನೂ ನಡೆದೇ ಇಲ್ಲವೆಂಬಂತೆ ಸೌಮ್ಯವಾಗಿ ಗುನುಗತೊಡಗುತ್ತಿತ್ತು. ಗ್ಯಾರೇಜಿನವರ ಪರಿಭಾಷೆಯಲ್ಲಿ ಇದಕ್ಕೆ ‘ಮಿಸ್ಸಿಂಗ್’ ಎಂದು ಹೆಸರು.

ಚಳಿಯನ್ನು ದೂರುವುದು ಸುಲಭ. ಆದರೆ ನಮ್ಮ ಚಳಿಯಾದರೂ ಎಷ್ಟರದು? ಬೆಂಗಳೂರಿನ ದಾಖಲೆಯಲ್ಲಿ ಅತ್ಯಂತ ಶೀತಲವೆನಿಸಿದ 1884ರ ಜನವರಿಯಲ್ಲಿಯೂ ಪಾದರಸ 7.8 ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ಕೆನಡಾದ ವಿನಿಪೆಗ್ಗಿನಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗಣ ಶೀತದಲ್ಲಿ, ರಾತ್ರಿಯಿಡೀ ಎಂಜಿನ್ನಿಗೆ ವಿದ್ಯುತ್ತಿನ ಶಾಖ ಕೊಟ್ಟಾದರೂ, ಜನ ಕಾರು ನಡೆಸುತ್ತಾರೆ. ಎದುರುಮನೆಯವರು ಪೆಟ್ರೋಲಿಗೆ ಬೆರೆಸುವ ಎಥನಾಲನ್ನು ಶಪಿಸಿದರು. ಅದು ಆವಿಯಾಗಲು ಪೆಟ್ರೋಲಿಗಿಂತ ಹೆಚ್ಚು ಶಾಖ ಬೇಡುವುದರಿಂದಲೇ ಬ್ರೆಜಿಲ್ಲಿನ ಎಥನಾಲ್ ಕಾರುಗಳಲ್ಲಿ ಚಳಿಯ ಬೆಳಗಿಗೆಂದು ಪೆಟ್ರೋಲಿನ ಪುಟ್ಟ ತೊಟ್ಟಿಯೊಂದನ್ನು ಬೇರೆಯಾಗಿ ಇಡುತ್ತಿದ್ದರೆಂಬುದು ಸತ್ಯವೇ. ಆದರೂ ಅದೇ ಬಂಕಿನ ಪೆಟ್ರೋಲು ಕುಡಿಯುವ ನೆರೆಯ ಗಾಡಿಗಳಾವುವೂ ಕುಂಟುತ್ತಿರಲಿಲ್ಲವಷ್ಟೆ! ಒಳಗೆ ಮೊದಲೇ ಅಡಗಿದ್ದ ದೋಷವೊಂದನ್ನು ಚಳಿ ಬಯಲಿಗೆಳೆಯುತ್ತಿತ್ತೆಂಬ ಸಂಶಯ ನನಗೆ ಹುಟ್ಟಿದ್ದು ಆಗ.

ಪೆಟ್ರೋಲಿನಲ್ಲಿ ಉರಿಯುವುದು ಅದರ ಆವಿ. ಒಂದು ತೂಕ ಪೆಟ್ರೋಲು ಸಂಪೂರ್ಣವಾಗಿ ದಹಿಸಲು ಸುಮಾರು 14.7 ತೂಕ ಗಾಳಿ ಬೇಕೆಂಬುದು ರಸಾಯನಶಾಸ್ತ್ರದ ಲೆಕ್ಕ. ಆದರೆ ತಣ್ಣಗಿನ ಎಂಜಿನ್ನಿನಲ್ಲಿ ಹಗುರವಾದ ಅಂಶ ಮಾತ್ರ ಆವಿಯಾಗಿ, ಉಳಿದುದು ಹನಿಹನಿಯಾಗಿ ಕೊಳವೆಯ ಗೋಡೆಗೆ ಅಂಟಿಕೊಳ್ಳುವುದರಿಂದ, ಕಿಡಿಯ ಬಳಿ ತಲಪುವ ಮಿಶ್ರಣ ಸಪ್ಪೆಯಾಗುತ್ತದೆ. ಆದಕಾರಣ ಬೆಳಗಿನ ಹೊತ್ತು ಪೆಟ್ರೋಲನ್ನು ಕೈಬಿಚ್ಚಿ ಬಡಿಸತಕ್ಕದ್ದು. ಪದ್ಮಿನಿ, ಅಂಬಾಸಡರುಗಳ ಕಾಲದಲ್ಲಿ ಚೋಕಿನ ಗುಂಡಿಯೆಳೆದು ಈ ಕಾರ್ಯವನ್ನು ಚಾಲಕನೇ ಮಾಡುತ್ತಿದ್ದನು. ಎಳೆದುದನ್ನು ಒಳಗೆ ತಳ್ಳಲು ಮರೆತವನ ಪ್ಲಗ್ಗುಗಳು ಸೌದೆಯೊಲೆಯ ಹಂಡೆಯ ತಳದಂತೆ ಮಸಿಹಿಡಿಯುತ್ತಿದ್ದವು. 2004ರ ನನ್ನ ಕಾರಿನಲ್ಲಿ ಈ ಬಡಿಸುವ ಕೆಲಸ ಕಂಪ್ಯೂಟರಿನದು. ಎಂಜಿನ್ನನ್ನು ಸುತ್ತುವ ನೀರಿನಲ್ಲಿ ಪುಟ್ಟ ಸೆನ್ಸರೊಂದು ಮುಳುಗಿ ಕುಳಿತಿದೆ. ತಣ್ಣಗಿದ್ದಾಗ ಎರಡು ಮೂರು ಸಾವಿರ ಓಮ್ ಇರುವ ಅದರ ವಿದ್ಯುತ್ ರೋಧ, ಬಿಸಿಯಾದಾಗ ಕೆಲವು ನೂರಕ್ಕೆ ಇಳಿಯುತ್ತದೆ. ಅದು ಸುಳ್ಳು ವರದಿ ಕೊಟ್ಟರೆ ಬೆಳಗಿನ ಎಂಜಿನ್ನಿಗೆ ಉಪವಾಸ.

ಮೊದಲು ಒಯ್ದ ಗ್ಯಾರೇಜಿನಲ್ಲಿ ಪ್ಲಗ್ಗು, ವೈರು, ಬ್ಯಾಟರಿ, ಕಡೆಗೆ ಆ ಸೆನ್ಸರೂ ಹೊಸತಾದವು. ರೋಗ ಮಾತ್ರ ಹಳೆಯದೇ ಉಳಿಯಿತು. ಅವರನ್ನು ಪೂರ್ತಿ ದೂಷಿಸಲಾರೆ. ವೈದ್ಯರ ಜಗಲಿ ಹತ್ತುತ್ತಲೇ ಹಲ್ಲುನೋವು ಮಾಯವಾಗುವಂತೆ, ಹತ್ತು ಗಂಟೆಯ ಬಿಸಿಲಿನಲ್ಲಿ ನಾಲ್ಕು ಕಿಲೋಮೀಟರು ಓಡಿ ಅಲ್ಲಿ ನಿಲ್ಲುವಷ್ಟರಲ್ಲಿ ನನ್ನ ಕಾರು ಪರಮ ಆರೋಗ್ಯವಂತ! ಬಸವನಹಳ್ಳಿ ಕೆರೆಯ ಕಡೆ ಸಣ್ಣ ಶೆಡ್ಡಿನಲ್ಲಿ ಕೆಲಸ ಮಾಡುವ ಹಿರಿಯ ಮೇಸ್ತ್ರಿಯೊಬ್ಬರು ಮಾತ್ರ, ನನ್ನ ಪುರಾಣವನ್ನೆಲ್ಲ ಕೇಳಿ, “ರಾತ್ರಿ ಗಾಡಿ ಇಲ್ಲೇ ಬಿಟ್ಟು ಹೋಗಿ ಮೇಷ್ಟ್ರೇ. ಬೆಳಿಗ್ಗೆ ನೀವು ಬರೋವರೆಗೂ ನಾನು ಸೆಲ್ಫ್ ಮುಟ್ಟಲ್ಲ” ಎಂದರು. ಇಪ್ಪತ್ತು ದಿನಗಳಲ್ಲಿ ನಾನು ಕೇಳಿದ ಮೊದಲನೆಯ ಬುದ್ಧಿವಂತಿಕೆಯ ಮಾತು ಅದು.

ಮರುದಿನ ಮಂಜಿನಲ್ಲಿ ಎಂಜಿನ್ನು ಎದ್ದು ಕುಂಟತೊಡಗಿದಾಗ ಅವರು ಯಾವ ಸಲಕರಣೆಗೂ ಕೈಹಾಕಲಿಲ್ಲ. ಬೀಡಿ ಆರಿಸಿ, ಕಣ್ಣುಮುಚ್ಚಿ ಸ್ವಲ್ಪ ಹೊತ್ತು ಆಲಿಸಿದರು. ಅನಂತರ ಪೆಟ್ರೋಲು ಚಿಮ್ಮಿಸುವ ನಾಲ್ಕು ಇಂಜೆಕ್ಟರುಗಳ ವೈರುಗಳನ್ನು ಒಂದೊಂದಾಗಿ ಕಳಚಿ ಮತ್ತೆ ಸಿಕ್ಕಿಸಿದರು. ಮೊದಲನೆಯದನ್ನೂ ಎರಡನೆಯದನ್ನೂ ನಾಲ್ಕನೆಯದನ್ನೂ ಕಳಚಿದಾಗ ಎಂಜಿನ್ನು ಇನ್ನಷ್ಟು ತತ್ತರಿಸಿತು. ಮೂರನೆಯದನ್ನು ಕಳಚಿದಾಗ ಅದಕ್ಕೆ ಗೊತ್ತೇ ಆಗಲಿಲ್ಲ. “ಈ ಮನೇಲಿ ದುಡೀದೆ ಇರೋನು ಇವನೇ” ಎಂದರು ಮೇಸ್ತ್ರಿ. ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿಟ್ಟರು: ಮೂರು ಪ್ಲಗ್ಗುಗಳ ಮೂತಿ ತಿಳಿಗಂದು, ಅದು ಆರೋಗ್ಯದ ಬಣ್ಣ, ಮೂರನೆಯ ಸಿಲಿಂಡರಿನದು ವಿಭೂತಿಯಂತೆ ಬಿಳುಪು. ಗಾಳಿ ಹೆಚ್ಚಾಗಿ ಪೆಟ್ರೋಲು ಸಾಲದ ಸಿಲಿಂಡರಿನ ಲಕ್ಷಣವಿದು. ಪ್ಲಗ್ಗುಗಳನ್ನು ಮರಳಿ ಕೂಡಿಸಿ ಎಂಜಿನ್ನನ್ನು ಎಬ್ಬಿಸಿ, ಒಂದು ಮೊಳ ರಬ್ಬರಿನ ಪೈಪಿನ ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಗಾಳಿಯ ಕೊಳವೆ ಎಂಜಿನ್ನಿಗೆ ಕೂಡುವ ಸಂದಿನುದ್ದಕ್ಕೂ ಆಡಿಸಿ, ಒಂದೆಡೆ ನಿಲ್ಲಿಸಿ, ಪೈಪನ್ನು ನನ್ನ ಕಿವಿಗೆ ಕೊಟ್ಟರು. ಮರಿಹಾವಿನ ಬುಸುಗುಟ್ಟುವಿಕೆಯಂಥ ಸಣ್ಣ ಸದ್ದು! ಅಲ್ಲಿಗೆ ತುಂತುರು ನೀರು ಚಿಮುಕಿಸಿದೊಡನೆ ಎಂಜಿನ್ನಿನ ಸ್ವರ ಬದಲಾಯಿತು.

“ಚಳಿ ಅಲ್ಲ ಮೇಷ್ಟ್ರೇ, ಗಾಳಿ ಎಳೀತಿದೆ.”

ನಮ್ಮ ಮಲೆನಾಡಿನಲ್ಲಿ ಗಾಳಿ ಸೋಕಿದವರಿಗೆ ತಾಯಿತ ಕಟ್ಟುವ ಪದ್ಧತಿಯುಂಟು. ಇದಕ್ಕೆ ಬೇಕಾದದ್ದು ಒಂದು ಗ್ಯಾಸ್ಕೆಟ್ಟು. ಹಳೆಯದು ವಯಸ್ಸಾಗಿ ಪೆಡಸಾಗಿ, ಮೂರನೆಯ ಸಿಲಿಂಡರಿನ ಬಳಿ ಕೂದಲೆಳೆಯಷ್ಟು ಸಂದು ಬಿಟ್ಟಿತ್ತು. ಬಿಸಿಯಾದಾಗ ಲೋಹ ಹಿಗ್ಗಿ ಆ ಸಂದು ಮುಚ್ಚುತ್ತಿತ್ತು. ಇನ್ನೊಂದು ಕಾರಣವೂ ಉಂಟು: ಹೊಗೆಕೊಳವೆಯಲ್ಲಿನ ಆಕ್ಸಿಜನ್ ಸೆನ್ಸರು ಸುಮಾರು 300 ಡಿಗ್ರಿ ಕಾಯುವವರೆಗೂ ಮೂಕವಾಗಿರುವುದರಿಂದ ಕಂಪ್ಯೂಟರು ಕಂಠಪಾಠದ ಕೋಷ್ಟಕದಂತೆ ಪೆಟ್ರೋಲು ಅಳೆಯುತ್ತದೆ, ಸೆನ್ಸರು ಬಾಯಿಬಿಟ್ಟಮೇಲೆ ಹೊಗೆಯ ರುಚಿನೋಡಿ ತಪ್ಪು ತಿದ್ದಿಕೊಳ್ಳುತ್ತದೆ. ಹೀಗೆ ಅದರ ಜಾಣತನವೇ ರೋಗವನ್ನು ಹತ್ತು ಗಂಟೆಯ ವೈದ್ಯರಿಂದ ಮರೆಮಾಚುತ್ತಿತ್ತು.

ಹೊಸ ಗ್ಯಾಸ್ಕೆಟ್ಟು ಕೂಡಿಸುವುದಕ್ಕಿಂತ ಹಳೆಯದರ ಅಂಟು ತೆಗೆಯುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಅಲ್ಯೂಮಿನಿಯಮ್ಮಿನ ಮುಖಕ್ಕೆ ಗೀರು ಬಿದ್ದೀತೆಂದು ಹುಡುಗನ ಕೈಯಿಂದ ಕಬ್ಬಿಣದ ಚಾಣವನ್ನು ಕಿತ್ತುಕೊಂಡು, ಮೇಸ್ತ್ರಿ ತಾವೇ ಪ್ಲಾಸ್ಟಿಕ್ಕಿನ ತುಂಡಿನಿಂದ ಹೆರೆದರು. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಒಮ್ಮೆಗೇ ಬಿಗಿಯದೆ, ಮೂರು ಸುತ್ತಿನಲ್ಲಿ ಬಿಗಿದರು.

ಮಾರನೆಯ ಬೆಳಗ್ಗೆ ಆರಕ್ಕೆ ಹೊರಟು, ಏಳೂವರೆಗೆ ಹಾಲು ಕೊಂಡು ಮರಳಿ, ಗೇಟಿನೊಳಗೆ ಕಾರು ನಿಲ್ಲಿಸಿ ಇಳಿದಾಗ ಎದುರುಮನೆಯ ವೃದ್ಧರು ಆಗತಾನೇ ಮಂಕಿ ಟೋಪಿ ಸರಿಪಡಿಸಿಕೊಳ್ಳುತ್ತ ಬಾಗಿಲಿಗೆ ಬಂದರು. “ಇವತ್ತು ಬೆಳಿಗ್ಗೆ ಗಾಡಿ ತೆಗೀಲೇ ಇಲ್ವಾ ಮೇಷ್ಟ್ರೇ? ನನಗೆ ಎಚ್ಚರವೇ ಆಗಲಿಲ್ಲ” ಎಂದು ಕೇಳಿ, ನನ್ನ ಉತ್ತರಕ್ಕೆ ಮೊದಲೇ ಕೆಮ್ಮಿದರು.