ಸುಂಟರಗಾಳಿ: ಒಂದು ಪದ, ಹಲವು ಗಾಳಿಗಳು

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ‘ಸುಂಟರಗಾಳಿ’ ಎಂಬ ಪದ ಒಂದೇ ಗಾಳಿಯನ್ನು ಸೂಚಿಸುವುದಿಲ್ಲ. ಬೇಸಿಗೆಯಲ್ಲಿ ಕಾದ ನೆಲದಿಂದೆದ್ದು ತರಗೆಲೆ ಸುತ್ತಿಸುವ ದೂಳುಸುಳಿಗೆ ಮೋಡವೇ ಬೇಕಿಲ್ಲ. ‘ಗಾಳಿ’ ಎಂದರೆ ದೆವ್ವವೂ ಆಗುವ ನಮ್ಮ ನುಡಿಯಲ್ಲಿ ಅದರ ಭಯ ಸಹಜವೇ. ನಿಜವಾದ ಸುಂಟರಗಾಳಿಯಾದರೋ ಗುಡುಗುಮೋಡದ ಕೂಸು: ಎತ್ತರಕ್ಕೆ ಹೋದಂತೆ ಗಾಳಿಯ ವೇಗ, ದಿಕ್ಕು ಬದಲಾಗಿ ಉಂಟಾದ ಅಡ್ಡಸುಳಿಯನ್ನು ಮೇಲೇರುವ ಬಿಸಿಗಾಳಿ ನೆಟ್ಟಗೆ ನಿಲ್ಲಿಸುತ್ತದೆ, ಅದು ಕಿರಿದಾಗಿ, ಬಿರುಸಾಗಿ ನೆಲ ಮುಟ್ಟುತ್ತದೆ. ಆಯುಷ್ಯ ಸಾಮಾನ್ಯವಾಗಿ ನಿಮಿಷಗಳಷ್ಟೇ. ಚಂಡಮಾರುತದ ತವರು ಬೆಚ್ಚನೆಯ ಕಡಲು. ಹರವು ನೂರಾರು ಕಿಲೋಮೀಟರ್, ಬಾಳು ದಿನಗಟ್ಟಲೆ. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಮುಟ್ಟಿದ ‘ಫೆಂಗಲ್’ ಈ ಜಿಲ್ಲೆಗೆ ಮಳೆಯಾಗಿ ಬಂದಿತು.

ಏಪ್ರಿಲ್, ಮೇ ತಿಂಗಳುಗಳಲ್ಲಿ ಬಾಳೆ ತೋಟ ಕೆಡಹುವುದು ಬಹುಮಟ್ಟಿಗೆ ಇವಾವುವೂ ಅಲ್ಲ. ಗುಡುಗುಮೋಡದಿಂದ ಕುಸಿದು, ನೆಲಕ್ಕಪ್ಪಳಿಸಿ ಹರಡುವ ನೇರಗಾಳಿ. ಆದ್ದರಿಂದ ಕ್ಷೇತ್ರಕಾರ್ಯದಲ್ಲಿ ಪದವನ್ನಷ್ಟೇ ಬರೆದುಕೊಂಡರೆ ಸಾಲದು. ಬಾಳೆ ಒಂದೇ ಮಗ್ಗುಲಿಗೆ ಮಲಗಿತ್ತೇ, ತಿರುಚಿ ಅಡ್ಡಾದಿಡ್ಡಿ ಬಿದ್ದಿತ್ತೇ ಎಂದು ವಕ್ತೃವನ್ನು ಕೇಳಬೇಕು.