ಗಾಜಿನ ಮೇಲೆ ಅರಳುವ ಹೂಗಳು

ರೇಷನ್ ಕಾರ್ಡು, ಮಕ್ಕಳ ಅಂಕಪಟ್ಟಿ ಬಿಟ್ಟರೆ ಸ್ಕ್ಯಾನರಿನ ಗಾಜಿನ ಮೇಲೆ ನಾವು ಬೇರೇನನ್ನೂ ಇಡುವುದಿಲ್ಲ. ಅಲ್ಲಿ ಒಂದು ಹೂವನ್ನು ಬೋರಲಾಗಿ ಇಟ್ಟು ನೋಡಿದ್ದೀರಾ ಸಹೋದರಿಯರೇ? ಕ್ಯಾಮೆರಾ ದೂರ ನಿಂತು ನೋಡುತ್ತದೆ. ಸ್ಕ್ಯಾನರಿನ ಬೆಳಕಾದರೋ ಹೂವಿನ ಅಡಿಯಲ್ಲೇ ಮೆಲ್ಲನೆ ಸರಿಯುತ್ತದೆ. ಎಸಳಿನ ನರ, ಪರಾಗದ ಪುಡಿ, ಕಾಂಡದ ಮೇಲಿನ ರೋಮ ಎಲ್ಲವೂ ಚಿತ್ರದಲ್ಲಿ ಮೂಡುತ್ತವೆ.

ಗಿಡದಿಂದಲೇ ನೇರವಾಗಿ ಚಿತ್ರ ತೆಗೆಯುವುದು ನಮ್ಮ ನಾಡಿಗೆ ಹೊಸತಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಅಚ್ಚು ಹಾಕಿದ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯವೇ 1862ರಲ್ಲಿ ಜೆ. ಹುಂಝಿಕರ್ ಅವರ ಪುಸ್ತಕವೊಂದನ್ನು ಹೊರತಂದಿತು. ದಕ್ಷಿಣ ಭಾರತದ ಉಪಯುಕ್ತ ಹಾಗೂ ಅಲಂಕಾರದ ಗಿಡಗಳ ಅಚ್ಚುಗಳು ಅದರಲ್ಲಿದ್ದವು. ಕಲಾವಿದನ ಕುಂಚವಿಲ್ಲದೆ, ಹಸಿ ಗಿಡದಿಂದಲೇ ತೆಗೆದ ಅಚ್ಚುಗಳವು. ಅಂದು ಅದಕ್ಕೆ ಮುದ್ರಣಾಲಯವೇ ಬೇಕಿತ್ತು, ಇಂದು ಮೇಜಿನ ಮೇಲಿನ ಯಂತ್ರ ಸಾಕು.

ಮುದಗಲ್ ಕಡೆಯವರು ಹೂವಿಗಾಗಿ ನರ್ಸರಿಗೆ ಹೋಗಬೇಕಿಲ್ಲ. ಹೊಲದ ಬದುವಿನಲ್ಲಿ ತಂಗಡಿ, ತುಂಬೆ, ಉತ್ತರಾಣಿ, ಎಕ್ಕ ಸಿಗುತ್ತವೆ. (ಎಕ್ಕದ ಹಾಲು ಕಣ್ಣಿಗೆ ತಾಗದಂತೆ ಎಚ್ಚರ ವಹಿಸಿ, ಮಕ್ಕಳ ಕೈಗೆ ಕೊಡಬೇಡಿ.) ಗಾಜಿನ ಮೇಲೆ ತೆಳುವಾದ ಪಾರದರ್ಶಕ ಹಾಳೆ ಹಾಸಿದರೆ ತೇವ, ಪರಾಗ ಅಂಟುವುದಿಲ್ಲ. ಚಿತ್ರದಲ್ಲಿ ಮುಂದೆ ಕಾಣಬೇಕಾದ ಹೂವನ್ನು ಮೊದಲು ಇಡಿ, ಎಲೆಗಳನ್ನು ಅದರ ಮೇಲೆ ಹರಡಿ. ಮುಚ್ಚಳ ಮುಚ್ಚಿದರೆ ಹೂ ಜಜ್ಜಿಹೋಗುತ್ತದೆ. ತೆರೆದೇ ಇಟ್ಟು ಕೋಣೆಯ ದೀಪ ಆರಿಸಿ. ಹಿನ್ನೆಲೆ ತಾನಾಗಿ ಕಪ್ಪಾಗುತ್ತದೆ. ಫ್ಯಾನೂ ನಿಲ್ಲಿಸಿರಬೇಕು, ಎಸಳು ಅಲುಗಿದರೆ ಚಿತ್ರ ಸೊಟ್ಟಗಾಗುತ್ತದೆ. 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ 300ರಲ್ಲಿ ಮುದ್ರಿಸಿದರೆ 5 ಸೆಂ.ಮೀ. ಹೂವು 10 ಸೆಂ.ಮೀ. ಆಗಿ ಬರುತ್ತದೆ.

ಹಳೆಯ, ದಪ್ಪ ಸ್ಕ್ಯಾನರ್ ಮೂಲೆಯಲ್ಲಿ ಬಿದ್ದಿದ್ದರೆ ಗುಜರಿಗೆ ಕೊಡಬೇಡಿ. ಅಂಥವುಗಳಲ್ಲಿ ಹೆಚ್ಚಿನವು ಗಾಜಿನಿಂದ ಒಂದೆರಡು ಸೆಂ.ಮೀ. ಮೇಲಿರುವುದನ್ನೂ ಸ್ಪಷ್ಟವಾಗಿ ಹಿಡಿಯುತ್ತವೆ. ಈಗಿನ ಪ್ರಿಂಟರ್‌ಗಳ ಜೊತೆ ಬರುವ ತೆಳು ಸ್ಕ್ಯಾನರಿನಲ್ಲಿ ಗಾಜಿಗೆ ತಾಗದ ಭಾಗ ಮಸುಕಾಗುತ್ತದೆ. ಅದಕ್ಕೆ ಎಲೆ, ಬಿಡಿ ಎಸಳುಗಳೇ ಸರಿ.

ಪ್ರತಿ ಚಿತ್ರದ ಕೆಳಗೆ ದಿನಾಂಕ, ಸಿಕ್ಕ ಜಾಗ, ಹೆಸರು ಬರೆಯಿರಿ. ಕಳೆನಾಶಕ ಹೊಡೆದ ಬದುವಿನಲ್ಲಿ ಇಂಥ ಗಿಡಗಳು ಉಳಿಯುವುದಿಲ್ಲ. ಗಿಡ ಹೋದ ಮೇಲೆ ಅದರ ಹೆಸರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ತಂಗಡಿಗೇ ಬೇರೆ ಕಡೆ ಆವರಿಕೆ ಎನ್ನುತ್ತಾರೆ. ಮನೆಯ ಹಿರಿಯರು ಉರ್ದುವಿನಲ್ಲಿ ಏನನ್ನುತ್ತಾರೋ ಕೇಳಿ ಅದನ್ನೂ ಸೇರಿಸಿ. ಇಂಥ ಐವತ್ತು ಹಾಳೆಗಳಾದರೆ ನಿಮ್ಮೂರಿನ ಹೂಗಳ ಪುಸ್ತಕವೇ ಆಯಿತು.

ಹತ್ತಿಯಿಂದ ಆರಂಭಿಸಬಹುದು. ಹೊಲದವರನ್ನು ಕೇಳಿಯೇ ಕೀಳಿ, ಒಂದು ಹೂ ಹೋದರೆ ಒಂದು ಕಾಯಿ ಹೋದಂತೆ. ಈಗ ಹೆಚ್ಚಾಗಿ ಬೆಳೆಯುವ ಹತ್ತಿಯ ಹೂವು ಅರಳಿದ ದಿನ ಕೆನೆಬಣ್ಣದ್ದು, ಮರುದಿನ ಗುಲಾಬಿ. ಎರಡನ್ನೂ ಅಕ್ಕಪಕ್ಕ ಇಟ್ಟು ಸ್ಕ್ಯಾನ್ ಮಾಡಿ ತೋರಿಸಿ. ಒಂದೇ ಗಿಡದ ಹೂಗಳೆಂದರೆ ಪೇಟೆಯವರು ನಂಬುವುದಿಲ್ಲ.