ಬಾಯಿಗೆ ಬಂದ ಬೋಲು ಕೈಬಿಡದು

ಗೋವೆಯ ಊರುಗಳಲ್ಲಿ ಎರಡು ಲಯಗಳು ನೆರೆಹೊರೆಯಂತೆ ಬಾಳುತ್ತವೆ. ದೇವಾಲಯದ ಭಜನೆಯಲ್ಲಿ ತಬಲೆ, ಪಖವಾಜುಗಳು ನುಡಿದರೆ, ಇಗರ್ಜಿಯ ಹಬ್ಬದಲ್ಲಿ ಬ್ಯಾಂಡಿನ ಡ್ರಮ್ ಮೊಳಗುತ್ತದೆ. ಪಣಜಿಯ ಕಲಾ ಅಕಾಡೆಮಿಯಲ್ಲಿ ಭಾರತೀಯ ಸಂಗೀತವನ್ನೂ ಪಾಶ್ಚಾತ್ಯ ಸಂಗೀತವನ್ನೂ ಕಲಿಸುವ ವ್ಯವಸ್ಥೆ ಉಂಟು. ಇಂತಹ ನೆಲದಲ್ಲಿ ಬೆಳೆಯುವ ಕನ್ನಡದ ಮಗು ತಬಲೆಯ ಪಾಠ ಕಲಿಯುತ್ತಲೇ ಡ್ರಮ್ ಸೆಟ್ಟಿನ ಕಡೆಗೆ ಕಣ್ಣು ಹಾಯಿಸುವುದು ಸಹಜ. ಆಗ ಹೆತ್ತವರಲ್ಲಿ ಅಳುಕು ಮೂಡುತ್ತದೆ: ಹೊಸದು ಬಂದರೆ, ವರ್ಷಗಟ್ಟಲೆ ಕಲಿತ ಹಳೆಯದು ಹೋದೀತೇ?

ಗೋವೆಯ ಮೂಲದ ಒಂದು ಕಲಾವಿದ ಕುಟುಂಬದ ವೃತ್ತಾಂತ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ಗಾಯಕಿಯೂ ನರ್ತಕಿಯೂ ಆಗಿದ್ದ ಮೇನಕಾಬಾಯಿ ಶಿರೋಡಕರ ಅವರ ಮಗಳು ಭಾನುಮತಿ 1925ರಲ್ಲಿ ಬೆಳಗಾವಿಯಲ್ಲಿ ಜನಿಸಿದರು. ಮುಂದೆ ಠುಮ್ರಿಯ ಗಾಯನದಿಂದ ಹೆಸರಾದ ಶೋಭಾ ಗುರ್ಟು ಇವರೇ. 1951ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಅವರ ಮಗ ತ್ರಿಲೋಕ್ ಗುರ್ಟು ಬಾಲ್ಯದಲ್ಲಿಯೇ ತಬಲೆ ಕಲಿತು, 1970ರ ದಶಕದಲ್ಲಿ ಡ್ರಮ್ ಸೆಟ್ಟಿನತ್ತ ಹೊರಳಿದರು.

ಪಾಶ್ಚಾತ್ಯ ವಾದಕ ಎತ್ತರದ ಆಸನದ ಮೇಲೆ ಕುಳಿತು ಕೈಗಳಲ್ಲಿ ಕೋಲು ಹಿಡಿಯುತ್ತಾನೆ; ಕಾಲುಗಳಿಂದ ಪೆಡಲ್ ಒತ್ತುತ್ತಾನೆ. ತ್ರಿಲೋಕ್ ಆ ಆಸನವನ್ನೇ ಬಿಟ್ಟರು. ನೆಲಕ್ಕೆ ಸಮೀಪವಾಗಿ ಮಂಡಿಯೂರಿ, ತಬಲೆ, ಡ್ರಮ್, ಕಂಚಿನ ತಟ್ಟೆಗಳನ್ನು ತಮ್ಮ ಸುತ್ತ ಜೋಡಿಸಿಕೊಂಡರು. ನುಡಿಯುತ್ತಿರುವ ತಟ್ಟೆಯನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿ ನಾದವನ್ನು ಬಾಗಿಸಿದರು. ಜಾನ್ ಮೆಕ್‌ಲಾಫ್ಲಿನ್ ಅವರಂತಹ ಜಾಝ್ ಕಲಾವಿದರ ಜೊತೆ ಜಗತ್ತಿನ ವೇದಿಕೆಗಳನ್ನು ಏರಿದರು. ಅವರ ಮೊದಲ ಸ್ವಂತ ಧ್ವನಿಮುದ್ರಿಕೆ 'ಉಸ್ಫ್ರೆಟ್'ನಲ್ಲಿ ತಾಯಿಯ ಕಂಠವೂ ಇದೆ. ಮಗ ದೂರ ಹೋದರೂ ಮನೆಯ ಲಯ ಅವನೊಡನೆಯೇ ಹೋಯಿತು.

ಇದು ಸಾಧ್ಯವಾದದ್ದು ಹೇಗೆ? ತಬಲೆಯ ವಿದ್ಯೆ ಕೈಗಿಂತ ಮೊದಲು ಬಾಯಿಗೆ ಬರುತ್ತದೆ. ಪ್ರತಿಯೊಂದು ಪೆಟ್ಟಿಗೂ ಒಂದು ಅಕ್ಷರ ಉಂಟು, ಅದೇ ಬೋಲು. ಎಡಗೈಯ ಡಗ್ಗಾದಲ್ಲಿ 'ಗೆ', ಬಲಗೈಯ ತಬಲೆಯಲ್ಲಿ 'ನಾ', ಎರಡೂ ಕೂಡಿದರೆ 'ಧಾ'. ಈ ಅಕ್ಷರಗಳು ಬಾಯಿಪಾಠವಾದವನಿಗೆ ಡ್ರಮ್ ಸೆಟ್ಟು ಅಪರಿಚಿತವಲ್ಲ. 'ಗೆ'ಯನ್ನು ಕಾಲಿನ ಬಾಸ್ ಡ್ರಮ್ಮಿಗೆ, 'ನಾ'ವನ್ನು ಸ್ನೇರ್ ಡ್ರಮ್ಮಿನ ಅಂಚಿಗೆ ಒಪ್ಪಿಸಿದರೆ 'ಧಾ' ತಾನಾಗಿ ಹುಟ್ಟುತ್ತದೆ.

ಆದರೆ ಲೆಕ್ಕ ಕೂಡಿದ ಮಾತ್ರಕ್ಕೆ ತಾಳ ಕೂಡದು. ತೀನತಾಳದ 16 ಮಾತ್ರೆಗಳು ನಾಲ್ಕು ನಾಲ್ಕರ ನಾಲ್ಕು ಭಾಗಗಳು. ಪಾಶ್ಚಾತ್ಯರ ನಾಲ್ಕೆಣಿಕೆಗೆ ಅವು ಸಲೀಸಾಗಿ ಹೊಂದುತ್ತವೆ. ಅಲ್ಲಿನ ಜನಪ್ರಿಯ ಸಂಗೀತದಲ್ಲಿ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಒತ್ತು ಬೀಳುತ್ತದೆ. ನಮ್ಮ ತಾಳದ ಜೀವವಾದರೋ 9ನೆಯ ಮಾತ್ರೆಯಿಂದ ತೊಡಗುವ ಖಾಲಿಯಲ್ಲಿದೆ. ಅಲ್ಲಿ 'ಧಿಂ' ಹೋಗಿ 'ತಿಂ' ಬರುತ್ತದೆ. ಡಗ್ಗಾ ಮೌನ ತಾಳುತ್ತದೆ. ಆ ಘಟ್ಟದಲ್ಲಿ ಡ್ರಮ್ ವಾದಕನ ಕಾಲೂ ಸುಮ್ಮನಿರಬೇಕು. ಸುಮ್ಮನಿರದಿದ್ದರೆ ಉಳಿಯುವುದು ಎಣಿಕೆ ಮಾತ್ರ. ಡಗ್ಗಾದ ಮೇಲೆ ಮಣಿಕಟ್ಟು ಜಾರಿಸಿ ಹೊರಡಿಸುವ ಮೀಂಡ್ ಬಾಸ್ ಡ್ರಮ್ಮಿನಲ್ಲಿ ಬಾರದು. ಆ ಕೊರತೆಯನ್ನು ತುಂಬುವ ಉಪಾಯವನ್ನು ಪ್ರತಿಯೊಬ್ಬ ವಾದಕನೂ ತಾನೇ ಹುಡುಕಬೇಕು. ಅವನ ಸ್ವಂತ ಶೈಲಿ ಹುಟ್ಟುವುದು ಅಲ್ಲಿಂದಲೇ.

ಕೈಕಾಲುಗಳು ಒಂದೊಂದು ಒಂದೊಂದು ಲಯದಲ್ಲಿ ನಡೆಯಬೇಕೆಂಬುದು ಡ್ರಮ್ ಕಲಿಕೆಯ ಕಠಿಣ ಪಾಠ. ಗೋವೆಗೆ ಇದು ಹೊಸತಲ್ಲ. 'ಲಯಭಾಸ್ಕರ'ರೆಂದು ಖ್ಯಾತರಾದ ಗೋವೆಯ ಖಾಪ್ರೂಮಾಮಾ ಪರ್ವತಕರರು ಕೈಗಳಲ್ಲಿಯೂ ಕಾಲುಗಳಲ್ಲಿಯೂ ಬೇರೆ ಬೇರೆ ಲಯ ಹಿಡಿದು ವಿದ್ವಾಂಸರನ್ನು ಬೆರಗುಗೊಳಿಸುತ್ತಿದ್ದರು. ಪಾಶ್ಚಾತ್ಯ ಪಿಟೀಲೂ ಮಣ್ಣಿನ ಘುಮಟವೂ ಒಂದೇ ಮಾಂಡೋ ಹಾಡಿಗೆ ಜೊತೆಯಾದದ್ದೂ ಇಲ್ಲಿಯೇ. ಆ ಘುಮಟಕ್ಕೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. ವನ್ಯಜೀವಿ ಕಾಯಿದೆ ಅದನ್ನು ನಿಷೇಧಿಸಿದ ಮೇಲೆ ಆಡಿನ ಚರ್ಮ ಬಂದಿತು. 2019ರಲ್ಲಿ ಅದೇ ವಾದ್ಯ ಗೋವೆಯ ಪಾರಂಪರಿಕ ವಾದ್ಯವೆಂದು ಮಾನ್ಯವಾಯಿತು. ಚರ್ಮ ಬದಲಾಯಿತು, ನುಡಿಸುವ ಕ್ರಮ ಉಳಿಯಿತು.

ಆದ್ದರಿಂದ ಮಕ್ಕಳನ್ನು ತಡೆಯುವುದಕ್ಕಿಂತ ಕ್ರಮವನ್ನು ಕಾಯುವುದು ಮೇಲು. ಮೊದಲು ಕೈತಾಳದೊಡನೆ ಠೇಕಾವನ್ನು ಬಾಯಲ್ಲಿ ಹೇಳಿಸಬೇಕು. ಖಾಲಿಗೆ ಅಂಗೈ ಮೇಲಾಗಬೇಕು. ಬಳಿಕ ತಬಲೆ, ಅದು ಕೈಗೆ ಹತ್ತಿದ ಮೇಲೆ ಕೋಲು, ಪೆಡಲ್. ಶಾಲೆಯಲ್ಲಿ ಕನ್ನಡ ಕಲಿತು, ಬೀದಿಯಲ್ಲಿ ಕೊಂಕಣಿ ಆಡಿ, ಮುಂದೆ ಇಂಗ್ಲಿಷಿನಲ್ಲಿ ಓದುವ ನಮ್ಮ ಮಕ್ಕಳಿಗೆ ಈ ದಾರಿ ಹೊಸದಲ್ಲ. ಮೊದಲ ಅಕ್ಷರಗಳು ಗಟ್ಟಿಯಾಗಿದ್ದರೆ ಎರಡನೆಯ ನುಡಿ ಮೊದಲನೆಯದನ್ನು ಅಳಿಸುವುದಿಲ್ಲ. ಮನೆಯಲ್ಲಿ ದಿನಕ್ಕೊಮ್ಮೆ ಠೇಕಾ ಹೇಳಿಸಿ ಕೇಳಲು ತಾಯಿತಂದೆಯರಿಗೆ ಸಂಗೀತ ಬರಬೇಕಾಗಿಲ್ಲ. ಹದಿನಾರರವರೆಗೆ ಎಣಿಸಲು ಬಂದರೆ ಸಾಕು.